ಮುಳಗಾಯಿಯ ತುರಿಕೆ ಮತ್ತು ತಂಬಾಕಿನ ಎಲೆ

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. "ಸರ್, ನಾವು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಬೆಳೆದವರು. ನಮ್ಮ ಮಗುವಿಗೆ ಅದೇ ಶೇಂಗಾ ಮುಟ್ಟಿಸಬೇಡಿರೆಂದು ಡಾಕ್ಟರು ಹೇಳುತ್ತಾರೆ. ಇದು ಹೇಗೆ ಸಾಧ್ಯ?" ಊರಿನಲ್ಲಿಯೇ ಉಳಿದವರ ಪ್ರಶ್ನೆ ಸ್ವಲ್ಪ ಬೇರೆ. ಮುಳಗಾಯಿ ಪಲ್ಯ ತಿಂದರೆ ಬಾಯಿ ತುರಿಸುತ್ತದೆ, ತುಟಿ ಊದುತ್ತದೆ. ಇದು ಸರಕಾರಿ ಗೊಬ್ಬರದ ದೋಷವೋ, ಹೊಡೆದ ಔಷಧದ ದೋಷವೋ ಎಂದು ಅವರು ಕೇಳುತ್ತಾರೆ. ಎರಡೂ ಪ್ರಶ್ನೆಗಳಿಗೆ ಕಟ್ಟೆಯ ಮೇಲೆ ಕುಳಿತ ಹಿರಿಯರಲ್ಲಿ ಒಂದೇ ಸಿದ್ಧ ಉತ್ತರವಿದೆ: "ಈಗಿನ ಕಾಳುಕಡಿ ಎಲ್ಲ ಹೈಬ್ರಿಡ್. ಮೊದಲಿನ ಸತ್ವ ಎಲ್ಲಿದೆ?"

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಸತ್ಯದ ಲವಲೇಶವೂ ಇಲ್ಲವೆಂದಲ್ಲ. ಔಷಧದ ಅತಿಬಳಕೆಯ ಬಗೆಗೆ ನಾನು ಇದೇ ಪುಟಗಳಲ್ಲಿ ಸಾಕಷ್ಟು ಬರೆದಿದ್ದೇನೆ. ಆದರೆ ಆಹಾರದ ಅಲರ್ಜಿಯ ಮಟ್ಟಿಗೆ ಸಸ್ಯವಿಜ್ಞಾನ ಕಂಡುಕೊಂಡಿರುವ ಸಂಗತಿ ಬೇರೆಯೇ ಆಗಿದೆ, ಮತ್ತು ಅದು ಹೆಚ್ಚು ಸ್ವಾರಸ್ಯಕರವಾಗಿದೆ. ನಮ್ಮ ಚಿಕ್ಕೋಡಿ ಸೀಮೆಯವರಿಗಂತೂ ಅದು ಪರಕೀಯವಾಗಬಾರದು. ಏಕೆಂದರೆ ಆ ಕಥೆ ಆರಂಭವಾಗುವುದು ತಂಬಾಕಿನ ಎಲೆಯಲ್ಲಿ.

ನಿಪ್ಪಾಣಿ ಎಂದೊಡನೆ ಬೀಡಿ ತಂಬಾಕು ನೆನಪಾಗುತ್ತದೆ. 1981ರ ತಂಬಾಕು ಬೆಳೆಗಾರರ ಚಳವಳಿಯೂ ನೆನಪಾಗುತ್ತದೆ. ತಂಬಾಕಿನ ಎಲೆಗೆ ಬರುವ ಒಂದು ರೋಗವನ್ನು ರೈತರೆಲ್ಲ ಬಲ್ಲರು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳು ಎದ್ದು, ಎಲೆ ಸುಕ್ಕುಗಟ್ಟಿ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಹಾಲೆಂಡ್ ದೇಶದ ವಾಗೆನಿಂಗನ್ ಎಂಬ ಊರಿನಲ್ಲಿ ಅಡಾಲ್ಫ್ ಮಾಯರ್ ಎಂಬ ವಿಜ್ಞಾನಿ 1886ರಲ್ಲಿ ಈ ರೋಗಕ್ಕೆ ಮೊಸಾಯಿಕ್ ಎಂದು ಹೆಸರಿಟ್ಟನು. ಅದನ್ನು ಉಂಟುಮಾಡುವುದು ಬ್ಯಾಕ್ಟೀರಿಯಾಕ್ಕಿಂತಲೂ ಸೂಕ್ಷ್ಮವಾದ ಜೀವದ್ರವ ಎಂದು 1898ರಲ್ಲಿ ಹೇಳಿದವನು ಬೈಜರಿಂಕ್. ವೈರಸ್ ಎಂಬ ಶಬ್ದ ಇಂದಿನ ಅರ್ಥವನ್ನು ಪಡೆಯತೊಡಗಿದ್ದು ಅಲ್ಲಿಂದ. ಈ ಬೈಜರಿಂಕನ ಹೆಸರನ್ನು ನೆನಪಿನಲ್ಲಿಡಿರಿ, ಅವನು ಮತ್ತೆ ಬರುತ್ತಾನೆ.

ಮುಂದೆ 1961ರಲ್ಲಿ ಅಮೆರಿಕದ ರಾಸ್ ಎಂಬ ವಿಜ್ಞಾನಿ ತಂಬಾಕಿನ ಗಿಡದಲ್ಲಿ ಒಂದು ಚಮತ್ಕಾರವನ್ನು ಕಂಡನು. ಕೆಳಗಿನ ಎಲೆಗೆ ವೈರಸ್ ಸೋಂಕಿಸಿದರೆ ಕೆಲವು ದಿನಗಳ ಬಳಿಕ ಮೇಲಿನ ಎಲೆಗಳೂ ರೋಗವನ್ನು ತಡೆದುಕೊಳ್ಳುತ್ತಿದ್ದವು. ಕೆಳಗೆ ಕಳ್ಳ ಬಂದ ಸುದ್ದಿ ಮಾಳಿಗೆಗೆ ಮುಟ್ಟಿ ಅಲ್ಲಿ ಬಾಗಿಲು ಹಾಕಿಕೊಂಡಂತೆ! ಆ ಬಾಗಿಲು ಯಾವುದು? 1970ರಲ್ಲಿ ಅದೇ ವಾಗೆನಿಂಗನ್ನಿನಲ್ಲಿ ವಾನ್ ಲೂನ್ ಮತ್ತು ವಾನ್ ಕಾಮನ್, ಫ್ರಾನ್ಸಿನಲ್ಲಿ ಜಿಯಾನಿನಾಜಿ, ಒಬ್ಬರಿಗೊಬ್ಬರು ಬೇರೆಯಾಗಿ ದುಡಿದು, ಸೋಂಕು ತಗುಲಿದ ತಂಬಾಕಿನ ಎಲೆಗಳಲ್ಲಿ ಆರೋಗ್ಯವಂತ ಎಲೆಗಳಲ್ಲಿಲ್ಲದ ಹೊಸ ಪ್ರೋಟೀನುಗಳಿರುವುದನ್ನು ಕಂಡರು. ರೋಗ ಬಂದಾಗ ಗಿಡ ತಾನೇ ತಯಾರಿಸಿಕೊಳ್ಳುವ ಈ ಪ್ರೋಟೀನುಗಳನ್ನು ನಾವು ರಕ್ಷಣಾ ಪ್ರೋಟೀನುಗಳು ಎನ್ನೋಣ. ತಂಬಾಕಿನ ಎಲೆಗೆ ಆಸ್ಪಿರಿನ್ ದ್ರಾವಣ ಕೊಟ್ಟರೂ ಅವು ಹುಟ್ಟುತ್ತವೆಂದು 1979ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿಕೊಟ್ಟರು. ನಮ್ಮ ತಲೆನೋವಿನ ಗುಳಿಗೆ ಗಿಡಕ್ಕೂ ಕೆಲಸ ಮಾಡುತ್ತದೆಂದು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಕುಳಿತದ್ದುಂಟು.

ಇಂದು ಈ ಪ್ರೋಟೀನುಗಳ 17 ಕುಟುಂಬಗಳನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಒಂದು ಕುಟುಂಬ ಶಿಲೀಂಧ್ರದ ಗೋಡೆಯನ್ನು ಕತ್ತರಿಸುತ್ತದೆ. ಇನ್ನೊಂದು ಅದರ ಪೊರೆಯನ್ನು ತೂತು ಮಾಡುತ್ತದೆ. ಕೆಲವು ಪ್ರೋಟೀನುಗಳು ರೋಗ ಬರುವವರೆಗೂ ಕಾಯುವುದಿಲ್ಲ. ಸಂತಾನವನ್ನು ಕಾಯಬೇಕಾದ ಜಾಗಗಳಲ್ಲಿ, ಎಂದರೆ ಬೀಜ, ಹಣ್ಣು, ಹಣ್ಣಿನ ಸಿಪ್ಪೆ, ಪರಾಗ, ಇಲ್ಲೆಲ್ಲ ಮೊದಲೇ ದಾಸ್ತಾನಾಗಿರುತ್ತವೆ. ನಾವು ತಿನ್ನುವುದೂ ಅವನ್ನೇ ಅಲ್ಲವೆ?

ಗಿಡಕ್ಕೆ ಬರುವ ಸೂಕ್ಷ್ಮಜೀವಿಗಳೆಲ್ಲ ಕಳ್ಳರಲ್ಲ. ನಮ್ಮ ಭಾಗದಲ್ಲಿ ಮುಂಗಾರಿಗೆ ಸೋಯಾ ಬಿತ್ತುವವರು ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿಯನ್ನು ಕಲಸಿ ಬೀಜಕ್ಕೆ ಲೇಪಿಸುತ್ತಾರೆ. ಶೇಂಗಾ ಅಥವಾ ಸೋಯಾ ಗಿಡವನ್ನು ಮೆಲ್ಲನೆ ಕಿತ್ತರೆ ಬೇರಿನಲ್ಲಿ ಸಾಸಿವೆ, ಜೋಳದ ಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಆ ಕೆಂಪು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯಾದ ಒಂದು ಪ್ರೋಟೀನಿನದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವನು ಮತ್ತೆ ಅದೇ ಬೈಜರಿಂಕ್. ಗಿಡದ ಒಬ್ಬ ಮಿತ್ರನನ್ನೂ ಒಬ್ಬ ಶತ್ರುವನ್ನೂ ಹತ್ತು ವರ್ಷಗಳ ಅಂತರದಲ್ಲಿ ಗುರುತಿಸಿದ ಇಂಥ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವುದು ನನಗೆ ಸದಾ ವ್ಯಥೆಯ ವಿಷಯವಾಗಿತ್ತು.

ಬೇರಿಗೆ ಇವನು ಮಿತ್ರ, ಅವನು ಶತ್ರು ಎಂದು ತಿಳಿಯುವುದು ಹೇಗೆ? ಇಲ್ಲಿ ಆಶ್ಚರ್ಯವಿದೆ. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಎಂಬುದು ಒಂದು ಬಗೆಯ ಸಕ್ಕರೆಯ ಸರಪಳಿ. ಬೇರುಗಂಟಿನ ಬ್ಯಾಕ್ಟೀರಿಯಾ ತನ್ನ ಗುರುತಿಗೆಂದು ಕಳಿಸುವ ಅಣುವೂ ಅದೇ ಸರಪಳಿಯ ತುಂಡೇ. ಅದಕ್ಕೊಂದು ಕೊಬ್ಬಿನ ಬಾಲ ಅಂಟಿರುತ್ತದೆ, ಅಷ್ಟೇ ವ್ಯತ್ಯಾಸ. ಎರಡನ್ನೂ ಓದುವ ಗ್ರಾಹಕಗಳು ಒಂದೇ ಮನೆತನದವು. ಒಂದನ್ನು ಓದಿ ಗಿಡ ಆಯುಧ ಹಿರಿಯುತ್ತದೆ. ಇನ್ನೊಂದನ್ನು ಓದಿ ಬಾಗಿಲು ತೆರೆಯುತ್ತದೆ. ಇಷ್ಟು ಸೂಕ್ಷ್ಮವಾದ ಭೇದವನ್ನು ಶೇಂಗಾದ ಬೇರು ತಪ್ಪದೆ ಗುರುತಿಸುತ್ತದೆ. ಅದೇ ಶೇಂಗಾವನ್ನು ತಿನ್ನುವ ಮನುಷ್ಯನ ದೇಹ ಕೆಲವೊಮ್ಮೆ ಅನ್ನವನ್ನೇ ಹಗೆಯೆಂದು ಓದಿಬಿಡುತ್ತದೆ. ಅದಕ್ಕೇ ಅಲರ್ಜಿ ಎಂದು ಹೆಸರು.

ಸಸ್ಯರೋಗಶಾಸ್ತ್ರವೂ ಅಲರ್ಜಿಶಾಸ್ತ್ರವೂ ಬಹುಕಾಲ ಒಂದರ ಮುಖವನ್ನೊಂದು ನೋಡದೆ ನಡೆದವು. ಅವು ಎದುರುಬದುರಾದದ್ದು 1989ರಲ್ಲಿ. ಯುರೋಪಿನಲ್ಲಿ ವಸಂತ ಬಂತೆಂದರೆ ಬರ್ಚ್ ಮರದ ಪರಾಗದಿಂದ ಲಕ್ಷಾಂತರ ಜನರಿಗೆ ಮೂಗು ಸೋರುತ್ತದೆ. ಆ ಪರಾಗದ ಮುಖ್ಯ ಅಲರ್ಜಿಕಾರಕ ಪ್ರೋಟೀನಿನ ಜೀನನ್ನು ಆಸ್ಟ್ರಿಯಾದ ಬ್ರೈಟೆನೆಡರ್ ಮತ್ತು ಸಂಗಡಿಗರು ಓದಿ ನೋಡಿದಾಗ, ಅದು ಬಟಾಣಿ ಗಿಡ ಶಿಲೀಂಧ್ರದ ದಾಳಿಯಾದಾಗ ಎಚ್ಚರಿಸುವ ರೋಗನಿರೋಧಕ ಜೀನಿಗೆ ಬಹಳ ಹೋಲುತ್ತಿತ್ತು. ಜನರನ್ನು ಸೀನಿಸುತ್ತಿದ್ದುದು ಮರದ ರಕ್ಷಣಾ ಪ್ರೋಟೀನುಗಳ ಬಳಗದ್ದು! ಬಳಿಕ ಒಂದರ ಹಿಂದೊಂದು ಗುಟ್ಟು ಬಯಲಾಯಿತು. ಬರ್ಚ್ ಅಲರ್ಜಿಯುಳ್ಳವರಿಗೆ ಹಸಿ ಸೇಬು ಕಚ್ಚಿದರೆ ಬಾಯಿ ತುರಿಸುವುದೇಕೆ? ಸೇಬಿನಲ್ಲಿ ಅದೇ ಕುಟುಂಬದ ಪ್ರೋಟೀನು ಇದೆ. ಸೋಯಾದಲ್ಲಿಯೂ ಇದೆ, ಶೇಂಗಾದಲ್ಲಿಯೂ ಇದೆ. ರಬ್ಬರಿನ ಕೈಗವಸು ತೊಟ್ಟು ತುರಿಕೆ ಬರುವ ನರ್ಸುಗಳಲ್ಲಿ ಕೆಲವರಿಗೆ ಬಾಳೆಹಣ್ಣೂ ಒಗ್ಗುವುದಿಲ್ಲವೇಕೆ? ರಬ್ಬರ್ ಮರದ ಹಾಲಿನಲ್ಲಿಯೂ ಬಾಳೆಯಲ್ಲಿಯೂ ಕೈಟಿನ್ನಿಗೆ ಅಂಟಿಕೊಳ್ಳುವ ಒಂದೇ ಬಗೆಯ ರಕ್ಷಣಾ ಪ್ರೋಟೀನು ಇದೆ. ಅಥಣಿಯ ದ್ರಾಕ್ಷಿಯೂ ಹೊರತಲ್ಲ. ದ್ರಾಕ್ಷಿಯ ಅಲರ್ಜಿಕಾರಕಗಳಲ್ಲಿ ಮುಖ್ಯವಾದದ್ದು ಇಂಥದೇ ಇನ್ನೊಂದು ಕುಟುಂಬಕ್ಕೆ ಸೇರಿದ್ದು. ಸೇಬಿನ ಪ್ರೋಟೀನು ಬೇಯಿಸಿದರೆ ಮುರಿದುಬೀಳುತ್ತದೆ. ದ್ರಾಕ್ಷಿಯದು ಬೆಂಕಿಗೂ ಬಗ್ಗದು, ಜಠರಕ್ಕೂ ಸುಲಭವಾಗಿ ಕರಗದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಲರ್ಜಿಯೆಲ್ಲ ರಕ್ಷಣಾ ಪ್ರೋಟೀನುಗಳಿಂದಲೇ ಬರುತ್ತದೆಂದು ತಿಳಿಯಬಾರದು. ಶೇಂಗಾದಿಂದ ಉಸಿರುಗಟ್ಟುವಂಥ ಪ್ರಬಲ ಅಲರ್ಜಿಗೆ ಮುಖ್ಯ ಕಾರಣ ಮೊಳಕೆಗೆಂದು ಬೀಜ ಕೂಡಿಟ್ಟ ಸಂಗ್ರಹ ಪ್ರೋಟೀನುಗಳು. ಇನ್ನು ಬೂಷ್ಟು ಹಿಡಿದ ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಅಲರ್ಜಿಯೇ ಅಲ್ಲ, ಅದು ವಿಷ. ಯಾರು ತಿಂದರೂ ವಿಷವೇ.

ಈಗ ಹಿರಿಯರ ಹೈಬ್ರಿಡ್ ವಾದಕ್ಕೆ ಬರೋಣ. ಅಲರ್ಜಿಕಾರಕ ಪ್ರೋಟೀನುಗಳು ಜವಾರಿ ತಳಿಯಲ್ಲಿಯೂ ಇವೆ, ತಿಪ್ಪೆಗೊಬ್ಬರ ಉಂಡ ಗಿಡದಲ್ಲಿಯೂ ಇವೆ. ಅವು ಗಿಡದ ಸ್ವಂತ ಆಸ್ತಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಪಿ. ವೆಂಕಟೇಶ್ ಮತ್ತು ಅವರ ಸಂಗಡಿಗರು, ಅಲರ್ಜಿ ತಜ್ಞರಾದ ಡಾ. ಪಿ. ಎ. ಮಹೇಶ್ ಅವರೊಡನೆ ಸೇರಿ, 2008ರಲ್ಲಿ ಪ್ರಕಟಿಸಿದ ಮುಳಗಾಯಿಯ ಅಧ್ಯಯನವನ್ನು ನಮ್ಮವರು ಓದಬೇಕು. ಅವರು ಪರಿಶೀಲಿಸಿದ 741 ಜನರಲ್ಲಿ ಶೇ. 9.2 ಮಂದಿ ಮುಳಗಾಯಿ ತಿಂದರೆ ತೊಂದರೆಯಾಗುತ್ತದೆಂದು ಹೇಳಿದರು. ಪರೀಕ್ಷೆಗಳನ್ನೆಲ್ಲ ಮಾಡಿದ ಮೇಲೆ ನಿಜವಾದ ಅಲರ್ಜಿಯೆಂದು ನಿಂತದ್ದು ಶೇ. 0.8ರಷ್ಟು ಮಾತ್ರ, ಅದೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಉಳಿದವರು ಸುಳ್ಳು ಹೇಳಿದರೆಂದಲ್ಲ. ಮುಳಗಾಯಿಯಲ್ಲಿ ಹಿಸ್ಟಮಿನ್ ಮೊದಲಾದ ಪದಾರ್ಥಗಳು ಸಹಜವಾಗಿಯೇ ಇದ್ದು ತುರಿಕೆ ತರಬಲ್ಲವು. ಮೈಗೆ ಕಜ್ಜಿಯಾದವರಿಗೆ ಮುಳಗಾಯಿ ನಂಜು ಎಂದು ನಮ್ಮ ಅಜ್ಜಿಯರು ಪಥ್ಯ ಹೇಳುತ್ತಿದ್ದುದು ಬರಿಯ ಮೂಢನಂಬಿಕೆಯಲ್ಲವೆಂದು ನನಗೆ ಇದನ್ನು ಓದಿದಾಗ ಅನಿಸಿತು. ಅದೇ ತಂಡ ಮುಂದಿನ ವರ್ಷ ತೋರಿಸಿದ ಇನ್ನೊಂದು ಸಂಗತಿ: ಅಲರ್ಜಿಕಾರಕಗಳು ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು. ಸಿಪ್ಪೆಯೇ ಅಲ್ಲವೆ ಕಾಯಿಯ ಕೋಟೆಗೋಡೆ!

ಅದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಚ್. ಶೇಖರ್ ಶೆಟ್ಟಿ ಮತ್ತು ಅವರ ಶಿಷ್ಯರು ಬಹುಕಾಲ ಸಜ್ಜೆಯ ಕೇದಿಗೆ ರೋಗದ ಮೇಲೆ ದುಡಿದರು. ಉಪಕಾರಿ ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಲೇಪಿಸಿದರೆ ಸಜ್ಜೆಯ ಗಿಡ ತನ್ನ ರಕ್ಷಣೆಯನ್ನು ತಾನೇ ಬಲಪಡಿಸಿಕೊಳ್ಳುತ್ತದೆಂದು ತೋರಿಸಿದರು. ಅಥಣಿ, ರಾಯಬಾಗದ ಒಣಬೇಸಾಯದ ಊರುಗಳಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಗಿಡವನ್ನು ಕಾಯುವ ವಿದ್ಯೆ ಮತ್ತು ಗಿಡದಿಂದ ಕೆಲವರನ್ನು ಕಾಯುವ ವಿದ್ಯೆ ಒಂದೇ ಪಟ್ಟಣದಲ್ಲಿ ಕೂಗಳತೆಯಲ್ಲಿದ್ದವು. ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಬೇಕೆಂಬುದು ನನ್ನ ಮೊದಲ ಅಭಿಪ್ರಾಯ. ರೋಗನಿರೋಧಕವೆಂದು ಹೊಸ ತಳಿಯನ್ನು ಬಿಡುಗಡೆ ಮಾಡುವಾಗ ಇಳುವರಿಯನ್ನು ಅಳೆಯುತ್ತಾರೆ, ರೋಗದ ಪ್ರಮಾಣವನ್ನು ಅಳೆಯುತ್ತಾರೆ. ಕಾಯಿಯಲ್ಲಿ ರಕ್ಷಣಾ ಪ್ರೋಟೀನು ಎಷ್ಟು ಏರಿದೆಯೆಂಬುದನ್ನೂ ಅಳೆಯಲಿ. ತಳಿ ಸಂಕರದಿಂದ ಬಂದಿರಲಿ, ಜೀನ್ ತಂತ್ರದಿಂದ ಬಂದಿರಲಿ, ಅಳತೆ ಒಂದೇ ಇರಲಿ.

ಬಿಟಿ ಬದನೆಯ ವಿವಾದ ನಿಮಗೆ ನೆನಪಿರಬಹುದು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ಜೀನನ್ನು ಸೇರಿಸಿದ ಸ್ಥಳೀಯ ತಳಿಗಳಲ್ಲಿ ನಮ್ಮ ರಾಯಬಾಗ ತಾಲೂಕಿನ ಕುಡಚಿಯ ತಳಿಯೂ ಒಂದು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿತು. ಆಗ ಸಭೆಗಳಲ್ಲಿ ಅಲರ್ಜಿಯ ಮಾತು ಬಹಳ ಕೇಳಿಬಂತು, ಕೇಳಿಬರಬೇಕಾದ್ದೇ. 1996ರಲ್ಲಿ ಬ್ರೆಜಿಲ್ ನಟ್ ಎಂಬ ಕಾಯಿಯ ಜೀನನ್ನು ಸೋಯಾಕ್ಕೆ ಸೇರಿಸಿದಾಗ ಅಲರ್ಜಿಯೂ ಜೊತೆಯಲ್ಲೇ ಸೋಯಾಕ್ಕೆ ಹೋಯಿತೆಂದು ಪರೀಕ್ಷೆಯಲ್ಲಿ ಕಂಡು, ಆ ಸೋಯಾ ಮಾರುಕಟ್ಟೆಗೆ ಬರದೆ ನಿಂತಿತು. ಆದರೆ ಹೊರಗಿನ ಒಂದು ಪ್ರೋಟೀನಿನ ಬಗೆಗೆ ಅಷ್ಟು ಗದ್ದಲ ಮಾಡಿದವರಲ್ಲಿ, ಮುಳಗಾಯಿಯ ಸ್ವಂತ ಪ್ರೋಟೀನುಗಳಿಂದಲೇ ತೊಂದರೆಪಡುವವರ ಲೆಕ್ಕ ಎರಡು ವರ್ಷಗಳ ಹಿಂದೆಯೇ ಮೈಸೂರಿನಿಂದ ಬಂದಿತ್ತೆಂದು ಹೇಳಿದವರ ಧ್ವನಿ ನನ್ನ ಕಿವಿಗೆ ಬೀಳಲಿಲ್ಲ.

ಎರಡನೆಯ ಅಭಿಪ್ರಾಯ ರಕ್ತಪರೀಕ್ಷೆಯ ಬಗೆಗೆ. ಪಟ್ಟಣಗಳಲ್ಲಿ ಈಗ ಒಂದು ಸೀಸೆ ರಕ್ತ ತೆಗೆದುಕೊಂಡು ಹತ್ತಾರು ಆಹಾರಗಳ ಪಟ್ಟಿಯನ್ನು ಕೈಗಿಡುತ್ತಾರೆ. ಗುರುತು ಬಿದ್ದದ್ದನ್ನೆಲ್ಲ ಬಿಡಿರೆಂದು ತಾಯಂದಿರಿಗೆ ತೋರುತ್ತದೆ. ನನ್ನ ಬಂಧುಗಳ ಮನೆಯಲ್ಲಿಯೇ ಒಂದು ಕೂಸಿಗೆ ಶೇಂಗಾ, ಗೋಧಿ, ಬೇಳೆ, ಹಾಲು ನಾಲ್ಕನ್ನೂ ಬಿಡಿಸಿ, ಕೂಸು ಸೊರಗಿತು. ಡಾ. ಮಹೇಶ್ ಮತ್ತಿತರರು ಕರ್ನಾಟಕದ 11,791 ವಯಸ್ಕರಿಂದ ಮಾಹಿತಿ ಪಡೆದು ನಡೆಸಿದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 24 ಆಹಾರಗಳಲ್ಲಿ ಒಂದಕ್ಕಾದರೂ ರಕ್ತದಲ್ಲಿ ಪ್ರತಿಕಾಯ ಇದ್ದವರು ಶೇ. 26.5. ಅಲರ್ಜಿ ಇರುವ ಸಂಭವವುಳ್ಳವರು ಶೇ. 1.2 ಮಾತ್ರ. ಎಂದರೆ ರಕ್ತದಲ್ಲಿ ಗುರುತಿದ್ದ ಬಹುಪಾಲು ಜನ ಅದೇ ಆಹಾರವನ್ನು ಉಂಡು ಸುಖವಾಗಿದ್ದಾರೆ. ಪರೀಕ್ಷೆ ದೇಹದ ನೆನಪನ್ನು ತೋರಿಸುತ್ತದೆ, ಸಿಟ್ಟನ್ನಲ್ಲ. ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬ ವೃತ್ತಾಂತವಿಲ್ಲದೆ ಕಾಗದವೊಂದನ್ನೇ ನಂಬಿ ಮಗುವಿನ ತಾಟನ್ನು ಬರಿದು ಮಾಡಬಾರದು.

ಶೇಂಗಾದ ವಿಷಯದಲ್ಲಂತೂ ಬಿಡಿಸುವುದೇ ಕೇಡು ತಂದ ಉದಾಹರಣೆಯಿದೆ. ಅಲರ್ಜಿಯ ಸಂಭವವುಳ್ಳ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿರೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಸಲಹೆ ಮಾಡಿತ್ತು. 2008ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ ಹೊರಬಂದ ಹೋಲಿಕೆಯೊಂದರಲ್ಲಿ, ಎಳೆತನದಿಂದಲೇ ಶೇಂಗಾದ ತಿನಿಸು ತಿನ್ನುವ ಇಸ್ರೇಲಿನ ಯಹೂದಿ ಮಕ್ಕಳಿಗಿಂತ, ತಿನ್ನದ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹತ್ತು ಪಟ್ಟು ಇತ್ತು. ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದ ಪ್ರಯೋಗದ ಫಲ 2015ರಲ್ಲಿ ಬಂತು. ಐದನೆಯ ವರ್ಷಕ್ಕೆ, ಶೇಂಗಾ ತಿನ್ನದೆ ಬೆಳೆದವರಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ; ತಿಂದು ಬೆಳೆದವರಲ್ಲಿ ಶೇ. 3.2. ಬೇರು ಮಿತ್ರನನ್ನು ಗುರುತಿಸುವಂತೆ ಕೂಸಿನ ಕರುಳೂ ಅನ್ನವನ್ನು ಗುರುತಿಸಲು ಕಲಿಯುತ್ತದೆ, ಕಲಿಯಲು ಅದಕ್ಕೆ ಬೇಗನೆ ಪರಿಚಯ ಬೇಕು. ಹೊರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದೇ ನನ್ನ ಉತ್ತರ. ಆದರೆ ಇಡಿಯ ಕಾಳನ್ನು ಕೂಸಿನ ಬಾಯಿಗೆ ಹಾಕಬೇಡಿರಿ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಬೇಕು. ಮೈತುಂಬ ಇಸುಬು ಇರುವ ಕೂಸಾದರೆ, ಅಥವಾ ಈಗಾಗಲೇ ತೊಂದರೆ ಕಂಡಿದ್ದರೆ, ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ನಮ್ಮಲ್ಲಿ ಈ ಕಾಯಿಲೆ ವಿರಳವೆಂಬುದು ನಿಜ. ಇದೇ ಅಂತರರಾಷ್ಟ್ರೀಯ ಅಧ್ಯಯನದ ಶಾಲಾಮಕ್ಕಳ ಭಾಗದಲ್ಲಿ, 2020ರಲ್ಲಿ ಪ್ರಕಟವಾದಂತೆ, ಅಲರ್ಜಿಯ ಸಂಭವವುಳ್ಳವರು ಹಾಂಗ್‌ಕಾಂಗಿನಲ್ಲಿ ಶೇ. 1.5 ಇದ್ದರೆ ಭಾರತದಲ್ಲಿ ಶೇ. 0.14. ಎಂದರೆ ಸಾವಿರಕ್ಕೆ ಒಬ್ಬಿಬ್ಬರು. ಆದರೆ ಈ ವಿರಳತೆಯೇ ಆ ಒಬ್ಬ ಮಗುವಿಗೆ ಮುಳುವಾಗುತ್ತದೆ, ಏಕೆಂದರೆ ಅದರ ಮಾತನ್ನು ಯಾರೂ ನಂಬುವುದಿಲ್ಲ. ಹಿಂದೆ ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸ್ವಾತಂತ್ರ್ಯ ದಿನದಂದು ಶೇಂಗಾ ಉಂಡೆ ಹಂಚಿದರು. ಒಬ್ಬ ಹುಡುಗ ಬೇಡವೆಂದ. ಅವನು ಸೊಕ್ಕು ಮಾಡುತ್ತಾನೆಂದು ಒಬ್ಬ ಅಧ್ಯಾಪಕರು ಗದರಿಸಿ ತಿನ್ನಿಸಿದರು. ಪ್ರಭಾತಫೇರಿ ಮುಗಿಯುವ ಮೊದಲೇ ಅವನ ತುಟಿ, ಕಣ್ಣು ಊದಿ, ಉಸಿರು ಸಿಳ್ಳು ಹಾಕತೊಡಗಿತು. ಹತ್ತಿರದಲ್ಲಿ ವೈದ್ಯರಿದ್ದರು, ಸೂಜಿ ಕೊಟ್ಟರು, ಹುಡುಗ ಉಳಿದನು. ವೈದ್ಯರು ಊರಲ್ಲಿ ಇಲ್ಲದ ದಿನವಾಗಿದ್ದರೆ?

2022ರಿಂದ ರಾಜ್ಯದ ಸರಕಾರಿ ಶಾಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಬಡಮಕ್ಕಳ ಪಾಲಿಗೆ ಅದು ದೊಡ್ಡ ಉಪಕಾರ; ಅದನ್ನು ಆಕ್ಷೇಪಿಸುವವರ ಗುಂಪಿನಲ್ಲಿ ನಾನಿಲ್ಲ. ಚಿಕ್ಕಿಯನ್ನು 2025ರಲ್ಲಿ ಕೈಬಿಟ್ಟದ್ದೂ ಸಕ್ಕರೆ, ಕೊಬ್ಬಿನ ಕಾರಣಕ್ಕೆ. ಆದರೆ ಹಾಲು, ಮೊಟ್ಟೆ, ಶೇಂಗಾ, ಬಾಳೆ ಇವೆಲ್ಲವೂ ಅಲರ್ಜಿಯ ಪಟ್ಟಿಯಲ್ಲಿರುವಾಗ, ಯಾವ ಮಗುವಿಗೆ ಯಾವುದು ಒಗ್ಗದು ಎಂಬುದು ಶಾಲೆಯ ಒಂದು ಪುಸ್ತಕದಲ್ಲಿ ಬರೆದಿರಬೇಡವೆ? ಪ್ರವೇಶದ ಅರ್ಜಿಯಲ್ಲಿ ಜಾತಿ, ಉಪಜಾತಿ, ಆದಾಯ ಎಲ್ಲಕ್ಕೂ ಕಾಲಂಗಳಿವೆ. ತಿಂದರೆ ತೊಂದರೆ ಕೊಡುವ ಪದಾರ್ಥ ಯಾವುದು ಎಂಬ ಒಂದು ಸಾಲನ್ನು ಮುಖ್ಯೋಪಾಧ್ಯಾಯರು ಕೈಯಿಂದಲೇ ಬರೆದುಕೊಳ್ಳಬಹುದು.

ಇನ್ನು ಸೂಜಿಯ ಮಾತು. ಉಸಿರು ಕಟ್ಟುವ ಅಲರ್ಜಿಗೆ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ತುರಿಕೆಯ ಗುಳಿಗೆ ನುಂಗಿಸಿ ಕಾಯುತ್ತ ಕುಳಿತುಕೊಳ್ಳುವುದು ಅಪಾಯ. ವಿದೇಶಗಳಲ್ಲಿ ಮಕ್ಕಳು ಚೀಲದಲ್ಲಿಟ್ಟುಕೊಳ್ಳುವ ಪೆನ್ನಿನಂಥ ಸಿರಿಂಜು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ನಮ್ಮ ಕಬ್ಬು ಕಡಿಯುವವರ ಮಕ್ಕಳಿಗೆ ನಿಲುಕದು. ಆದರೆ ಸಾದಾ ಅಡ್ರಿನಾಲಿನ್ ಸೀಸೆ ಅಗ್ಗದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕಾದದ್ದು. ಕಾಗವಾಡ, ರಾಯಬಾಗ ಕಡೆಯ ಆರೋಗ್ಯ ಕೇಂದ್ರಗಳಲ್ಲಿರುವ ನನ್ನ ವಿದ್ಯಾರ್ಥಿಗಳು ತಮ್ಮ ಕಪಾಟಿನಲ್ಲಿ ಆ ಸೀಸೆ ಇದೆಯೇ, ಅವಧಿ ಮುಗಿದಿದೆಯೇ ಎಂದು ಈ ವಾರವೇ ನೋಡಿ ನನಗೆ ತಿಳಿಸಬೇಕು. ಶಾಲೆಯ ಪುಸ್ತಕದ ವಿಷಯವನ್ನು ನಿಪ್ಪಾಣಿ ಕಡೆ ಮುಖ್ಯೋಪಾಧ್ಯಾಯರಾಗಿರುವ ಇಬ್ಬರಿಗೆ ಬೇರೆಯಾಗಿ ಬರೆದಿದ್ದೇನೆ. ಒಬ್ಬರು ಜೂನ್ ತಿಂಗಳ ದಾಖಲಾತಿಯಿಂದ ಆರಂಭಿಸುವುದಾಗಿ ಉತ್ತರಿಸಿದ್ದಾರೆ.